ಅರ್ಜಿ ಅಲ್ಲ ಕಣೇ, ಕೊಟೇಶನ್ ಬರಿ!

ಕಳೆದ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ. ಒಂದು ಕೈಯಲ್ಲಿ ದೋಸೆ ಸೌಟು, ಇನ್ನೊಂದು ಕೈಯಲ್ಲಿ ಮಗನ ಟಿಫಿನ್ ಡಬ್ಬಿ. ಆಗಲೇ ಫೋನು ಬರಬೇಕೆ? ಅತ್ತ ಕಡೆ ನನ್ನ ನಾದಿನಿ. ‘ಅತ್ತಿಗೆ, ನಿಮಗೆ ಬರೆಯೋಕೆ ಬರುತ್ತಲ್ಲ, ನಂಗೊಂದು ಅಪ್ಲಿಕೇಶನ್ ತಿದ್ದಿಕೊಡಿ’ ಎಂದಳು.

ಅವಳ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಈಗ ಅವಳಿಗೆ ಮೂವತ್ತನಾಲ್ಕು. ಮೈಸೂರಿನ ಸರಸ್ವತಿಪುರಂನಲ್ಲಿರುವ ಯೂನಿವರ್ಸಿಟಿ ಈಜುಕೊಳದಲ್ಲಿ ಈಜು ಕಲಿತವಳು. ಕಾಲೇಜಿನಲ್ಲಿದ್ದಾಗ ಗೆದ್ದ ಪದಕಗಳು ನಮ್ಮ ಅತ್ತೆಯ ಶೋಕೇಸಿನಲ್ಲಿ ಇನ್ನೂ ನೇತಾಡುತ್ತಿವೆ. ಮದುವೆಯಾಯಿತು, ಬೆಂಗಳೂರಿಗೆ ಬಂದಳು, ಮಗು ಆಯಿತು. ಈಜುಡುಗೆ ಟ್ರಂಕಿನ ತಳ ಸೇರಿತು. ಈಗ ಮಗಳು ಒಂದನೇ ಕ್ಲಾಸಿಗೆ ಹೋಗುತ್ತಾಳೆ. ಬೆಳಿಗ್ಗೆ ಎಂಟೂವರೆಯಿಂದ ಮೂರರವರೆಗೆ ಮನೆ ಖಾಲಿ. ಅಷ್ಟರಲ್ಲಿ ಹತ್ತಿರದ ಈಜುಕೊಳವೊಂದರ ಗೇಟಿನಲ್ಲಿ ‘ಲೇಡಿ ಸ್ವಿಮ್ಮಿಂಗ್ ಕೋಚ್ ಬೇಕಾಗಿದ್ದಾರೆ’ ಎಂಬ ಬೋರ್ಡು ಕಂಡಿದೆ.

ವಾಟ್ಸ್ಯಾಪಿನಲ್ಲಿ ಅವಳು ಬರೆದದ್ದು ಬಂತು. ‘ಮಾನ್ಯರೇ, ನಾನು ಗೃಹಿಣಿ. ತಾವು ದಯವಿಟ್ಟು ನನಗೆ ಈ ಕೆಲಸ ದಯಪಾಲಿಸಬೇಕಾಗಿ ವಿನಂತಿ. ಎಷ್ಟು ಕೊಟ್ಟರೂ ಒಪ್ಪಿಗೆಯಿದೆ...’ ಓದುತ್ತಾ ಓದುತ್ತಾ ಹೆಂಚಿನ ಮೇಲಿದ್ದ ದೋಸೆ ಸೀದು ಕರಕಲಾಯಿತು! ನಾನು ತಿದ್ದುವಷ್ಟರಲ್ಲಿ ಅವಳು ಅದನ್ನೇ ಹಿಡಿದು ಹೋಗಿ ಕೊಟ್ಟೂ ಬಂದಿದ್ದಳು.

ಅಲ್ಲಿನ ಮ್ಯಾನೇಜರ್ ತುಂಬ ಮರ್ಯಾದೆಯಿಂದಲೇ ಮಾತಾಡಿದರಂತೆ. ‘ಸಂಬಳ ಅಂತ ಇರೋದಿಲ್ಲ ಮೇಡಂ. ನೀವು ಸೆಲ್ಫ್ ಎಂಪ್ಲಾಯ್ಡ್. ಕಲಿಯೋರು ಕೊಡೋ ಫೀಸಲ್ಲಿ ನಮಗೆ ಶೇ 60, ನಿಮಗೆ ಶೇ 40. ಸೀಸನ್‌ನಲ್ಲಿ ತಿಂಗಳಿಗೆ ಇಪ್ಪತ್ತನಾಲ್ಕು ಸಾವಿರ ಎಲ್ಲೂ ಹೋಗಲ್ಲ’ ಎಂದು ಒಂದು ಹಾಳೆ ಕೊಟ್ಟು ಸೈನ್ ಮಾಡಲು ಹೇಳಿದರು. ಪುಣ್ಯಕ್ಕೆ ಅವಳು ‘ಮನೇಲಿ ಕೇಳಿ ಬರ್ತೀನಿ’ ಎಂದು ಹಾಳೆಯನ್ನು ತಂದಿದ್ದಳು. ಆ ಸಂಜೆ ನಮ್ಮ ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಕೂತೆವು. ಅವತ್ತು ನಾವಿಬ್ಬರೂ ಕಲಿತದ್ದನ್ನು ನಿಮ್ಮ ಜತೆ ಹಂಚಿಕೊಳ್ಳೋಣ ಎಂದು ಈ ಬರಹ. ಈಜು ಅಷ್ಟೇ ಅಲ್ಲ, ಯೋಗ, ಸಂಗೀತ, ಭರತನಾಟ್ಯ, ಮನೆಪಾಠ ಹೇಳಿಕೊಡಲು ಹೊರಟ ಗೆಳತಿಯರಿಗೂ ಇದು ಅನ್ವಯಿಸುತ್ತದೆ.

ಯಾರು ಯಾರಿಗೆ ಉದ್ಯೋಗಿ?

‘ಸ್ವಂತ ಉದ್ಯೋಗ’ ಎಂದ ಕೂಡಲೇ ನಮಗೆ ಹೆಮ್ಮೆ ಎನಿಸುತ್ತದೆ. ನಮಗೆ ನಾವೇ ಬಾಸ್ ಅಲ್ವಾ? ಪತ್ರಿಕೆಗಳಿಗೆ ಬರೆದು ಕಳಿಸುವ ನಾನೂ ಒಂಥರಾ ಸ್ವಂತ ಉದ್ಯೋಗಿಯೇ. ಬರೆದರೆ ದುಡ್ಡು, ಬರೆಯದಿದ್ದರೆ ಇಲ್ಲ. ಮಗನಿಗೆ ಜ್ವರ ಬಂದ ವಾರ ನನಗೆ ರಜೆಯೂ ಇಲ್ಲ, ಸಂಬಳವೂ ಇಲ್ಲ. ಅದು ಗೊತ್ತಿದ್ದೇ ಒಪ್ಪಿಕೊಂಡಿದ್ದೇನೆ. ಯಾಕೆಂದರೆ ಅದಕ್ಕೆ ಬದಲಾಗಿ ನನಗೊಂದು ಸ್ವಾತಂತ್ರ್ಯವಿದೆ. ಯಾವಾಗ ಬರೆಯಬೇಕು, ಯಾರಿಗೆ ಬರೆಯಬೇಕು ಎನ್ನುವುದು ನನ್ನಿಷ್ಟ.

ನಾದಿನಿಯ ಹಾಳೆಯಲ್ಲಿ ಏನಿತ್ತು ಗೊತ್ತೇ? ಅವರು ಹೇಳಿದ ಸಮಯಕ್ಕೆ ಬರಬೇಕು. ಅವರ ಹೆಸರಿರುವ ಟೀಶರ್ಟ್ ಹಾಕಬೇಕು. ಮೂರು ಕಿಲೋಮೀಟರ್ ಒಳಗೆ ಬೇರೆಲ್ಲೂ ಕಲಿಸಬಾರದು. ರಜೆ ಬೇಕಾದರೆ ಬದಲಿ ಕೋಚನ್ನು ಅವಳೇ ಹುಡುಕಬೇಕು. ಅವರು ಯಾವಾಗ ಬೇಕಾದರೂ ತೆಗೆಯಬಹುದು. ಅಂದರೆ ನೌಕರಳ ಕಟ್ಟುಪಾಡು ಪೂರ್ತಿ ಇದೆ, ನೌಕರಳ ಸೌಲಭ್ಯ ಒಂದೂ ಇಲ್ಲ! ಪಿಎಫ್ ಇಲ್ಲ, ಇಎಸ್‌ಐ ಇಲ್ಲ, 2017ರ ತಿದ್ದುಪಡಿಯಿಂದ ನೌಕರಿಯಲ್ಲಿರುವ ಹೆಣ್ಣುಮಕ್ಕಳಿಗೆ ಸಿಕ್ಕಿರುವ 26 ವಾರಗಳ ಹೆರಿಗೆ ರಜೆಯೂ ಇಲ್ಲ.

ಕಾಗದದಲ್ಲಿ ‘ಸ್ವಂತ ಉದ್ಯೋಗಿ’ ಎಂದು ಬರೆದ ಮಾತ್ರಕ್ಕೆ ಎಲ್ಲವೂ ಮುಗಿಯಿತು ಎಂದೇನೂ ಇಲ್ಲ. ಕೆಲಸದ ಮೇಲೆ ಯಾರ ಹಿಡಿತವಿದೆ ಎಂಬುದನ್ನೂ ನಮ್ಮ ನ್ಯಾಯಾಲಯಗಳು ನೋಡುತ್ತವೆ. ಟೈಲರಿಂಗ್ ಅಂಗಡಿಯೊಂದರ ಪ್ರಕರಣದಲ್ಲಿ, ಹೊಲಿದ ಬಟ್ಟೆಗಿಷ್ಟು ಎಂದು ಕೂಲಿ ಪಡೆಯುತ್ತಿದ್ದ ದರ್ಜಿಗಳನ್ನೂ ಸುಪ್ರೀಂ ಕೋರ್ಟ್ 1973ರಲ್ಲೇ ಅಂಗಡಿಯ ನೌಕರರೆಂದು ಪರಿಗಣಿಸಿತ್ತು. ಆದರೆ ನಮ್ಮಂಥವರು ತಿಂಗಳ ಒಂಬತ್ತು ಸಾವಿರಕ್ಕಾಗಿ ಕೋರ್ಟು ಹತ್ತುತ್ತೇವೆಯೇ? ಅದಕ್ಕೇ ಸೈನ್ ಮಾಡುವ ಮೊದಲೇ ಮಾತಾಡಬೇಕು. ‘ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು’ ಅಂತಾರೆ. ನಾನು ಹೇಳೋದು, ಚಳಿ ಮಳೆಯ ವಿಚಾರ ಎಲ್ಲ ನೀರಿಗಿಳಿಯುವ ಮೊದಲೇ ಕೇಳಿ ಬಿಡಿ ಅಂತ.

ಇಪ್ಪತ್ತನಾಲ್ಕು ಸಾವಿರದ ನಿಜವಾದ ಲೆಕ್ಕ

ಒಂಬತ್ತು ಸಾವಿರ ಎಲ್ಲಿಂದ ಬಂತು ಅಂತೀರಾ? ಪೆನ್ನು ಹಿಡಿದು ಕೂಡಿಸಿದೆವು. ಆ ಕೊಳದಲ್ಲಿ ಒಬ್ಬರಿಗೆ ತಿಂಗಳ ಫೀಸು 3,000 ರೂ. ಬೇಸಿಗೆಯಲ್ಲಿ ಇಪ್ಪತ್ತು ಜನ ಸೇರಿದರೆ 60,000. ಅದರಲ್ಲಿ ಶೇ 40 ಅಂದರೆ 24,000. ಮ್ಯಾನೇಜರ್ ಹೇಳಿದ್ದು ಸುಳ್ಳಲ್ಲ. ಆದರೆ ಬೇಸಿಗೆ ಎಷ್ಟು ತಿಂಗಳು? ಮಾರ್ಚಿನಿಂದ ಮೇ, ಬರೀ ಮೂರು. ಜೂನ್ ಬಂತೆಂದರೆ ಶಾಲೆ ಶುರು, ಮಳೆ ಶುರು. ಮಕ್ಕಳಿಗೆ ನೆಗಡಿ ಆಗುತ್ತೆ ಎಂದು ಅಮ್ಮಂದಿರು ಕಳಿಸುವುದಿಲ್ಲ. ಆಗ ಐದು ಜನ ಉಳಿದರೆ ಹೆಚ್ಚು. ನವೆಂಬರಿನಿಂದ ಫೆಬ್ರವರಿವರೆಗೆ ಬೆಂಗಳೂರಿನ ಚಳಿಗೆ ತಣ್ಣೀರಿಗೆ ಇಳಿಯುವವರು ಮೂರೇ ಜನ ಎಂದಿಟ್ಟುಕೊಳ್ಳಿ.

ಮೂರು ತಿಂಗಳು 24,000ದಂತೆ 72,000. ಐದು ತಿಂಗಳು 6,000ದಂತೆ 30,000. ನಾಲ್ಕು ತಿಂಗಳು 3,600ರಂತೆ 14,400. ಒಟ್ಟು 1,16,400. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 9,700 ರೂ. ಅದರಲ್ಲೇ ಸ್ಕೂಟರಿಗೆ ಪೆಟ್ರೋಲು. ಕ್ಲೋರಿನ್ ನೀರಿಗೆ ಬಣ್ಣಗೆಟ್ಟು ಸಡಿಲವಾಗುವ ಈಜುಡುಗೆಗೆ ಖರ್ಚು. ಒಣಗುವ ಕೂದಲಿಗೆ, ಉರಿಯುವ ಚರ್ಮಕ್ಕೆ ಎಣ್ಣೆ, ಕ್ರೀಮು.

ಹಾಗಂತ ಕೆಲಸ ಬೇಡವೆಂದು ನಾನು ಹೇಳುತ್ತಿಲ್ಲ. 9,700 ಸಣ್ಣ ದುಡ್ಡೇನೂ ಅಲ್ಲ. ಆದರೆ ಇಪ್ಪತ್ತನಾಲ್ಕು ಸಾವಿರ ಬರುತ್ತೆ ಎಂದುಕೊಂಡು ಹೋಗುವುದಕ್ಕೂ, ಒಂಬತ್ತು ಸಾವಿರದ ಏಳುನೂರು ಎಂದು ತಿಳಿದು ಹೋಗುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಜುಲೈ ತಿಂಗಳಲ್ಲಿ ಕಣ್ಣೀರು ಬರುತ್ತದೆ. ಎರಡನೆಯದರಲ್ಲಿ ಮೇ ತಿಂಗಳಲ್ಲೇ ಸ್ವಲ್ಪ ಎತ್ತಿಡುವ ಬುದ್ಧಿ ಬರುತ್ತದೆ.

ನನ್ನ ಕೈ ನಡುಗಿಸಿದ ಒಂದು ಸಾಲು

ದುಡ್ಡಿನ ವಿಷಯ ಬಿಡಿ, ಹೆಚ್ಚು ಕಮ್ಮಿ ಮಾಡಿಕೊಳ್ಳಬಹುದು. ಆ ಹಾಳೆಯ ಕೊನೆಯಲ್ಲಿ ಒಂದು ಸಾಲಿತ್ತು. ತರಗತಿಯ ಸಮಯದಲ್ಲಿ ಕೊಳದಲ್ಲಿರುವ ಎಲ್ಲರ ಸುರಕ್ಷತೆಯ ಹೊಣೆ ತರಬೇತುದಾರರದ್ದೇ ಎಂದು. ಅಂದರೆ ಅವಳು ಕಲಿಸಲೂಬೇಕು, ಜೀವರಕ್ಷಕಿಯೂ ಆಗಬೇಕು. ಅದೂ ತನ್ನ ಬ್ಯಾಚಿನವರಿಗೆ ಮಾತ್ರವಲ್ಲ, ಆ ಹೊತ್ತಿನಲ್ಲಿ ಕೊಳಕ್ಕೆ ಇಳಿದ ಎಲ್ಲರಿಗೂ!

ಸಿನಿಮಾದಲ್ಲಿ ಮುಳುಗುವವರು ಕೈ ಬೀಸುತ್ತಾರೆ, ‘ಕಾಪಾಡಿ’ ಎಂದು ಕೂಗುತ್ತಾರೆ. ನಿಜವಾಗಿ ಮುಳುಗುವವರು ಹೆಚ್ಚಾಗಿ ಸದ್ದೇ ಮಾಡುವುದಿಲ್ಲ. ಬಾಯಿ ನೀರಿನೊಳಗಿದ್ದರೆ ಕೂಗುವುದು ಹೇಗೆ? ನಮ್ಮ ದೇಶದಲ್ಲಿ ಪ್ರತಿವರ್ಷ 30 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ ಎನ್ನುತ್ತವೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು. ಕೆರೆ, ಬಾವಿ, ನದಿ, ಕೃಷಿಹೊಂಡ ಎಲ್ಲ ಸೇರಿ ಇಷ್ಟು. ಆದರೆ ನಾಲ್ಕಡಿ ನೀರಿನ ಕೊಳದಲ್ಲೂ ಮಗುವೊಂದು ಮುಳುಗಲು ಬೇಕಾಗುವುದು ಕೆಲವೇ ನಿಮಿಷ.

‘ಒಂದು ಮಗುವಿನ ಹೊಟ್ಟೆಗೆ ಕೈ ಕೊಟ್ಟು ತೇಲಿಸ್ತಿರುವಾಗ ನನ್ನ ಬೆನ್ನು ಮಿಕ್ಕವರ ಕಡೆ ಇರುತ್ತೆ ಅತ್ತಿಗೆ’ ಎಂದಳು ನಾದಿನಿ. ಅಷ್ಟೇ, ಅದಕ್ಕಿಂತ ಹೆಚ್ಚು ವಿವರಣೆ ನನಗೆ ಬೇಕಾಗಲಿಲ್ಲ. ಕಲಿಸುವವರು ನೀರಿನೊಳಗಿದ್ದರೆ, ಕಾಯುವವರು ದಂಡೆಯ ಮೇಲಿರಬೇಕು. ಇವೆರಡೂ ಬೇರೆ ಬೇರೆ ಕೆಲಸ. ದುಡ್ಡು ಉಳಿಸಲು ಎರಡನ್ನೂ ಒಬ್ಬಳ ತಲೆಗೆ ಕಟ್ಟಿದರೆ, ನಾಳೆ ಅನಾಹುತವಾದಾಗ ಪೊಲೀಸರು ಹುಡುಕಿಕೊಂಡು ಬರುವುದು ‘ಸ್ವಂತ ಉದ್ಯೋಗಿ’ಯ ಮನೆಗೆ. ಅದಕ್ಕಿಂತ ದೊಡ್ಡದು, ಆ ಮಗುವಿನ ತಾಯಿಯ ಮುಖ ಜೀವನಪೂರ್ತಿ ಕಣ್ಮುಂದೆ ಇರುತ್ತದೆ.

ಹೊಸ ಕಾಗದ ಹೀಗಿತ್ತು

‘ಸರಿ, ಈಗೇನು ಬರೆಯಲಿ?’ ಎಂದಳು. ‘ಅರ್ಜಿ ಅಲ್ಲ ಕಣೇ, ಕೊಟೇಶನ್ ಬರಿ’ ಎಂದೆ. ಮನೆಗೆ ಬಣ್ಣ ಹೊಡೆಯುವವರು, ಗ್ರಿಲ್ ಮಾಡುವವರು ಬಂದಾಗ ಏನು ಮಾಡುತ್ತಾರೆ? ‘ದಯಪಾಲಿಸಿ’ ಅಂತಾರೆಯೇ? ಇಷ್ಟು ಕೆಲಸ, ಇಷ್ಟು ದಿನ, ಇಷ್ಟು ರೇಟು, ಸಾಮಾನು ನಿಮ್ಮದೋ ನಮ್ಮದೋ ಅಂತಾರೆ. ನೌಕರಿ ಕೊಡುವುದಿಲ್ಲ, ನೀವು ಸ್ವಂತ ಉದ್ಯೋಗಿ ಎಂದು ಅವರೇ ಹೇಳಿದ ಮೇಲೆ ನಾವೂ ವ್ಯಾಪಾರಸ್ಥರ ಹಾಗೇ ಮಾತಾಡಬೇಕಲ್ಲವೆ?

ಹೊಸ ಕಾಗದ ಒಂದೇ ಪುಟದ್ದು. ‘ನಾನು ಗೃಹಿಣಿ’ ಎಂಬ ಮೊದಲ ಸಾಲು ಹೋಯಿತು. ಎಷ್ಟು ವರ್ಷ ಈಜಿದ್ದೇನೆ, ಯಾವ ಯಾವ ಸ್ಪರ್ಧೆಗಳಲ್ಲಿ, ಯಾರಿಗೆ ಕಲಿಸಬಲ್ಲೆ ಎನ್ನುವುದು ಮೊದಲು ಬಂತು. ‘ನೀರಿಗೆ ಹೆದರುವ ದೊಡ್ಡವರಿಗೆ, ಆರು ವರ್ಷ ದಾಟಿದ ಮಕ್ಕಳಿಗೆ’ ಎಂದು ಸ್ಪಷ್ಟವಾಗಿ ಬರೆದಳು. ಎಂಟು ವರ್ಷದ ಬಿಡುವನ್ನು ಮುಚ್ಚಿಡಲಿಲ್ಲ. ಬದಲಿಗೆ ಒಂದು ತಿಂಗಳು ದಿನಾ ಬೆಳಿಗ್ಗೆ ಈಜಿ ಅಭ್ಯಾಸ ಮಾಡಿಕೊಂಡು, ‘ಈಗ ಮತ್ತೆ ಅಭ್ಯಾಸದಲ್ಲಿದ್ದೇನೆ’ ಎಂದು ಸೇರಿಸಿದಳು.

ಸರ್ಟಿಫಿಕೇಟ್ ಬೇಕೇ ಎಂದು ಕೇಳುವವರಿಗೆ ಒಂದು ಮಾತು. ಚೆನ್ನಾಗಿ ಈಜುವುದು ಬೇರೆ, ಚೆನ್ನಾಗಿ ಕಲಿಸುವುದು ಬೇರೆ. ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿ ಎನ್‌ಐಎಸ್, ಕ್ರೀಡಾ ತರಬೇತಿಯಲ್ಲಿ ಒಂದು ವರ್ಷದ ಡಿಪ್ಲೊಮಾ ಮತ್ತು ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್‌ಗಳನ್ನು ನಡೆಸುತ್ತದೆ. ಒಳ್ಳೆಯ ಕೊಳಗಳು ಇದನ್ನು ಕೇಳುತ್ತವೆ. ಅದು ಈಗಲೇ ಆಗದಿದ್ದರೂ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ತರಬೇತಿಯನ್ನಂತೂ ಬಿಡಬೇಡಿ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನಂಥ ಸಂಸ್ಥೆಗಳು ಇದನ್ನು ಕಲಿಸುತ್ತವೆ. ನನ್ನ ನಾದಿನಿ ಮೊದಲು ಮಾಡಿದ್ದು ಇದನ್ನೇ.

ಸೈನ್ ಮಾಡುವ ಮೊದಲು ಕೇಳಿ

* ದಂಡೆಯ ಮೇಲೆ ಬೇರೆ ಜೀವರಕ್ಷಕರು ಇರುತ್ತಾರೆಯೇ? ನನ್ನ ತರಗತಿಯ ಪೂರ್ತಿ ಸಮಯ ಇರುತ್ತಾರೆಯೇ? ಇದಕ್ಕೆ ‘ಇಲ್ಲ’ ಎಂದರೆ ಮುಂದಿನ ಪ್ರಶ್ನೆಯೇ ಬೇಡ, ಎದ್ದು ಬನ್ನಿ.

* ಒಂದು ಬ್ಯಾಚಿಗೆ ಎಷ್ಟು ಜನ? ಹೊಸದಾಗಿ ಕಲಿಯುವ ಮಕ್ಕಳಾದರೆ ಒಬ್ಬರಿಗೆ ಐದಾರಕ್ಕಿಂತ ಹೆಚ್ಚು ಬೇಡವೇ ಬೇಡ.

* ಪಾಲು ಎಷ್ಟು, ಯಾವ ತಾರೀಖಿನೊಳಗೆ ಕೊಡುತ್ತೀರಿ? ಫೀಸು ಯಾರ ಕೈಗೆ ಬರುತ್ತದೆ, ಲೆಕ್ಕ ನನಗೂ ತೋರಿಸುತ್ತೀರಾ? ಮಳೆಗಾಲದಲ್ಲಿ ತಿಂಗಳಿಗೆ ಇಷ್ಟು ಎಂಬ ಕನಿಷ್ಠ ಮೊತ್ತ ಇರುತ್ತದೆಯೇ?

* ಕೊಳ ರಿಪೇರಿಗೆಂದು ಮುಚ್ಚಿದರೆ ಫೀಸು ವಾಪಸ್ ಕೊಡುವವರು ಯಾರು?

* ಬೇರೆ ಕಡೆ ಕಲಿಸಬಾರದು ಎಂಬ ಷರತ್ತಿದ್ದರೆ, ಹಾಗಾದರೆ ನನಗೆ ತಿಂಗಳ ಸಂಬಳ ಏಕಿಲ್ಲ?

* ನೀರನ್ನು ದಿನಾ ಪರೀಕ್ಷಿಸುತ್ತೀರಾ? ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ದಿನಕ್ಕೆ ನಾಲ್ಕು ಗಂಟೆ ಅದೇ ನೀರಿನಲ್ಲಿ ನಿಲ್ಲುವವರು ನಾವು.

* ತಿಂಗಳ ಆ ದಿನಗಳಲ್ಲಿ ಬೇಕಿದ್ದರೆ ದಂಡೆಯ ಮೇಲೆ ನಿಂತು ಕಲಿಸಬಹುದೇ? ನಾಚಿಕೆ ಬೇಡ, ಕೇಳಿ.

* ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ ಇದೆಯೇ? ದಂಡೆಯಲ್ಲಿ ನಿಂತು ಫೋಟೊ, ವಿಡಿಯೊ ತೆಗೆಯುವುದನ್ನು ನಿಷೇಧಿಸಿದ್ದೀರಾ?

ಈ ಕೊನೆಯದಕ್ಕೆ ಸಂಬಂಧಿಸಿ ಇನ್ನೊಂದು ವಿಷಯ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕಾಯಂ ನೌಕರರಿಗೆ ಮಾತ್ರ ಎಂದು ಬಹಳಷ್ಟು ಜನ ತಿಳಿದಿದ್ದಾರೆ. ಹಾಗಲ್ಲ. ಗುತ್ತಿಗೆ, ತಾತ್ಕಾಲಿಕ, ದಿನಗೂಲಿ, ಎಲ್ಲರಿಗೂ ಅದರ ರಕ್ಷಣೆ ಇದೆ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಸಣ್ಣ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಇನ್ನು ಪಿಎಫ್ ಇಲ್ಲದ ಮೇಲೆ ನಮ್ಮ ಪಿಎಫ್ ನಾವೇ ಮಾಡಿಕೊಳ್ಳಬೇಕು. ಅಂಚೆ ಕಚೇರಿಯಲ್ಲಿ ಪಿಪಿಎಫ್ ಖಾತೆ ತೆರೆದರೆ ವರ್ಷಕ್ಕೆ ಕನಿಷ್ಠ 500 ರೂ. ಕಟ್ಟಿದರೂ ಸಾಕು. ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚು ಹಾಕಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಇದೆ, ಬ್ಯಾಂಕಿನಲ್ಲಿ ಕೇಳಿ. ಕೆಲವರು ಟಿಡಿಎಸ್ ಎಂದು ಶೇ 10 ಹಿಡಿದುಕೊಂಡು ಹಣ ಕೊಡುತ್ತಾರೆ. ಅದು ಹೋದ ದುಡ್ಡಲ್ಲ. ಪ್ಯಾನ್ ನಂಬರ್ ಕೊಟ್ಟಿದ್ದು, ನಿಮ್ಮ ವರ್ಷದ ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು.

‘ಬಂದ ಭಾಗ್ಯ ಕಾಲಲ್ಲಿ ಒದ್ದಳು’

ಇಷ್ಟೆಲ್ಲ ಕೇಳಿದ್ದಕ್ಕೆ ಆ ಮೊದಲ ಕೊಳದವರು ಏನೆಂದರು? ‘ಬೇರೆ ಯಾರೂ ಇಷ್ಟು ಪ್ರಶ್ನೆ ಕೇಳಿಲ್ಲ ಮೇಡಂ’ ಎಂದು ನಕ್ಕರಂತೆ. ದಂಡೆಯ ಮೇಲೆ ಇನ್ನೊಬ್ಬರನ್ನು ನಿಲ್ಲಿಸಲು ಒಪ್ಪಲಿಲ್ಲ. ಇವಳು ಸೈನ್ ಮಾಡಲಿಲ್ಲ.

ಆ ವಾರ ನಮ್ಮ ಮನೆಗಳಲ್ಲಿ ಒಂದು ದೊಡ್ಡ ರಾಮಾಯಣವೇ ಆಯಿತು. ‘ಮೊದಲೇ ಈಜುಡುಗೆ ಹಾಕ್ಕೊಂಡು ಮಾಡೋ ಕೆಲಸ ಅಂತ ಒಪ್ಪಿಸೋದೇ ಕಷ್ಟ ಆಗಿತ್ತು, ಈಗ ಬಂದ ಭಾಗ್ಯಾನೂ ಕಾಲಲ್ಲಿ ಒದ್ದಳು’ ಎಂದರು ಅವಳ ಅತ್ತೆ. ‘ನೀನೇ ಅವಳ ತಲೆ ಕೆಡಿಸಿದ್ದು’ ಎಂದು ನನ್ನ ಯಜಮಾನರು ನನ್ನ ಮೇಲೆ ಗೂಬೆ ಕೂರಿಸಿದರು. ನಿಜ ಹೇಳಬೇಕೆಂದರೆ ನನಗೂ ರಾತ್ರಿ ನಿದ್ದೆ ಬರಲಿಲ್ಲ. ಅವಳ ಸೀಸನ್ ಹಾಳು ಮಾಡಿದೆನೇನೋ ಎನಿಸಿತು. ಮಾರ್ಚ್ ಪೂರ್ತಿ ಅವಳು ಸುಮ್ಮನೆ ಮನೆಯಲ್ಲೇ ಕೂತಳು. ಆ ತಿಂಗಳ ದುಡ್ಡು ಹೋಯಿತು. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಆದರೆ ಒಂದು ವಿಷಯವನ್ನು ನಾವಿಬ್ಬರೂ ಮರೆತಿದ್ದೆವು. ಅವರು ‘ಲೇಡಿ ಕೋಚ್’ ಎಂದೇ ಬೋರ್ಡು ಹಾಕಿದ್ದರಲ್ಲ, ಯಾಕೆ? ಹೆಂಗಸರು, ಹೆಣ್ಣುಮಕ್ಕಳ ತಾಯಂದಿರು ಕಲಿಸಲು ಹೆಂಗಸರೇ ಬೇಕು ಎನ್ನುತ್ತಾರೆ. ಬೇಡಿಕೆ ಇರುವುದು ನಮಗೆ! ಬೆಂಗಳೂರು 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ನಿಶಾ ಮಿಲ್ಲೆಟ್ ಅವರನ್ನು, 2004ರಲ್ಲಿ ಅಥೆನ್ಸ್‌ಗೆ ಶಿಖಾ ಟಂಡನ್ ಅವರನ್ನು, 2024ರಲ್ಲಿ ಪ್ಯಾರಿಸ್‌ಗೆ ಹದಿನಾಲ್ಕರ ಹುಡುಗಿ ಧಿನಿಧಿ ದೇಸಿಂಗು ಅವರನ್ನು ಕಳಿಸಿದ ಊರು. ಅಲ್ಲಿಯವರೆಗೆ ಹೋಗದೆ ಕಾಲೇಜು, ರಾಜ್ಯಮಟ್ಟಕ್ಕೇ ನಿಂತು, ಮದುವೆಯಾಗಿ ಟವೆಲ್ ಮಡಚಿಟ್ಟವರು ನಮ್ಮ ನಡುವೆ ಇನ್ನೆಷ್ಟು ಜನ ಇದ್ದಾರೋ! ಅವರ ವಿದ್ಯೆಗೆ ಬೆಲೆ ಇದೆ. ಬೆಲೆ ಹೇಳಲು ನಮಗೇ ಬಾಯಿ ಬರುವುದಿಲ್ಲ, ಅಷ್ಟೇ.

ಏಪ್ರಿಲ್ ಮೊದಲ ವಾರ ಇನ್ನೊಂದು ಕೊಳದವರು ಅವಳ ಕಾಗದ ಓದಿ ಕರೆದರು. ಎಲ್ಲಕ್ಕೂ ಒಪ್ಪಲಿಲ್ಲ. ಮಳೆಗಾಲದ ಕನಿಷ್ಠ ಮೊತ್ತಕ್ಕೆ ‘ಆಗಲ್ಲ’ ಎಂದರು. ಆದರೆ ಜೀವರಕ್ಷಕರು ಅಲ್ಲಿ ಮೊದಲೇ ಇದ್ದರು. ಪಾಲು ಅರ್ಧರ್ಧ. ಬೇರೆ ಕಡೆ ಕಲಿಸಲು ಅಡ್ಡಿಯಿಲ್ಲ. ಎಲ್ಲವನ್ನೂ ಬರೆದು ಇಬ್ಬರೂ ಸೈನ್ ಮಾಡಿ ತಲಾ ಒಂದು ಪ್ರತಿ ಇಟ್ಟುಕೊಂಡರು. ಬೆಳಿಗ್ಗೆ ಹತ್ತರ ಲೇಡೀಸ್ ಬ್ಯಾಚು ಏಳು ಜನರಿಂದ ಶುರುವಾಯಿತು.

ಒಮ್ಮೆ ನೋಡಲು ಹೋಗಿದ್ದೆ. ಮೊಮ್ಮಗನಿರುವ ಐವತ್ತೆರಡರ ಹೆಂಗಸೊಬ್ಬರು ಮೊದಲ ಸಲ ನೀರಿನೊಳಗೆ ಮುಖ ಇಟ್ಟಿದ್ದರು. ಎದ್ದವರೇ ‘ನಮ್ಮೂರ ಬಾವೀಲಿ ಅಣ್ಣತಮ್ಮಂದಿರು ಸೋರೆಬುರುಡೆ ಕಟ್ಕೊಂಡು ಈಜೋರು, ನಾನು ಅವರ ಬಟ್ಟೆ ಹಿಡ್ಕೊಂಡು ಕಟ್ಟೆ ಮೇಲೆ ನಿಂತಿರ್ತಿದ್ದೆ’ ಎಂದು ನಗುತ್ತಾ ಕಣ್ಣೊರೆಸಿಕೊಂಡರು. ಕಣ್ಣೀರೋ, ಕೊಳದ ನೀರೋ ಗೊತ್ತಾಗಲಿಲ್ಲ. ದಂಡೆಯ ಕುರ್ಚಿಯಲ್ಲಿ ಸೀಟಿ ಕೊರಳಿಗೆ ಹಾಕಿಕೊಂಡ ಹುಡುಗಿಯೊಬ್ಬಳು ಎಲ್ಲರ ಮೇಲೆ ಕಣ್ಣಿಟ್ಟಿದ್ದಳು. ನನ್ನ ನಾದಿನಿ ನಿಶ್ಚಿಂತೆಯಿಂದ ಬೆನ್ನು ತಿರುಗಿಸಿ ಇನ್ನೊಬ್ಬರ ಕೈ ಹಿಡಿದಿದ್ದಳು.

ಆದ್ದರಿಂದ ಗೆಳತಿಯರೇ, ಕೆಲಸಕ್ಕೆ ಖಂಡಿತ ಹೋಗಿ. ಆದರೆ ಅರ್ಜಿಯಿಂದ ಆ ‘ದಯಪಾಲಿಸಿ’ಯನ್ನು ಮೊದಲು ಹೊಡೆದುಹಾಕಿ. ದಯೆ ಅವರದ್ದಲ್ಲ, ವಿದ್ಯೆ ನಿಮ್ಮದು. ಏನಂತೀರಿ?